ಕಾಲುದಾರಿಯ ಓಟ: ಒಂದು ಪರಿಚಯ

ಕನ್ನಡ ಕಲಿಸುವ ಮಾಸ್ತರನು ಓಟದ ವಿಷಯವಾಗಿ ಲೇಖನ ಬರೆಯಲು ಕುಳಿತಿದ್ದಾನೆಂದು ತಿಳಿದು ನಮ್ಮ ಸಹೋದ್ಯೋಗಿಗಳು ನಕ್ಕರು. ಅವರು ನಕ್ಕದ್ದರಲ್ಲಿ ತಪ್ಪಿಲ್ಲ. ನಲವತ್ತು ದಾಟಿದ ಮೇಲೆ ನಾನು ಓಡಿದ್ದು ಬಸ್ಸು ತಪ್ಪೀತೆಂಬ ಭಯಕ್ಕೆ ಮಾತ್ರ. ಆದರೂ ಈ ವರ್ಷದ ಸಂಚಿಕೆಗೆ ಛಂದಸ್ಸಿನ ಪಾಠವನ್ನು ಬದಿಗಿಟ್ಟು ಇದನ್ನೇ ಬರೆಯಬೇಕೆಂದು ನಿಶ್ಚಯಿಸಿದ್ದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸೋಲಾಪುರದಿಂದ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ನಮ್ಮ ಉಮರ್ಗಾವನ್ನು ಹಾದು ಹೋಗುತ್ತದೆಂಬುದು ನಿಮಗೆಲ್ಲ ತಿಳಿದದ್ದೇ. ಬೆಳಗಿನ ಐದು ಗಂಟೆಗೆ ಆ ಹೆದ್ದಾರಿಯ ಅಂಚಿಗೆ ಹೋಗಿ ನಿಂತರೆ ಸುತ್ತಲಿನ ಹಳ್ಳಿಗಳ ಹುಡುಗರು ಸಾಲುಗಟ್ಟಿ ಓಡುವುದನ್ನು ಕಾಣಬಹುದು. ಮಹಾರಾಷ್ಟ್ರದ ಪೊಲೀಸ್ ಭರ್ತಿಯಲ್ಲಿ ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800 ಮೀಟರ್ ಓಟವಿದೆ. ಸೈನ್ಯದ ಭರ್ತಿಯಲ್ಲಿಯೂ 1600 ಮೀಟರ್ ಓಟವನ್ನು ದಾಟದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಎರಡು ಎಕರೆ ಒಣ ಬೇಸಾಯವುಳ್ಳ ಮನೆಯ ಹುಡುಗನಿಗೆ ಆ ಕೆಲವು ನಿಮಿಷಗಳ ಓಟವೆಂದರೆ ಆಟವಲ್ಲ, ಅನ್ನದ ಪ್ರಶ್ನೆ. ಆದುದರಿಂದಲೇ ಅವರು ಕತ್ತಲಲ್ಲೆದ್ದು, ಕಪ್ಪು ಅಂಗಿ ತೊಟ್ಟು, ಲಾರಿಗಳ ಪಕ್ಕದಲ್ಲಿಯೇ ಓಡುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಇಯತ್ತೆ 10ನೇ ಮುಗಿಸಿ ಹೋದ ಹುಡುಗನೊಬ್ಬ ಹೀಗೆಯೇ ಓಡುತ್ತಿದ್ದ. ಹಿಂದಿನಿಂದ ಬಂದ ಟೆಂಪೋ ಒಂದರ ಕನ್ನಡಿ ಅವನ ಮೊಣಕೈಗೆ ಬಡಿಯಿತು. ಟೆಂಪೋ ನಿಲ್ಲಲಿಲ್ಲ. ಜೀವ ಉಳಿಯಿತು, ಕೈ ಮುರಿಯಿತು, ಆ ವರ್ಷದ ಭರ್ತಿ ಹೋಯಿತು. ನೋಡಲು ಹೋದಾಗ ಅವನ ಅವ್ವ ಒಲೆಯ ಮುಂದೆ ಕುಳಿತವಳು ತಲೆಯೆತ್ತದೆ, "ಮಾಸ್ತರ್ರ, ಓಡ್ಲಿಕ್ಕ ಇದ ಒಂದ ರಸ್ತಾ ಏನ್ರೀ ಊರಾಗ?" ಎಂದು ಕೇಳಿದಳು. ನಾನು ಉತ್ತರ ಕೊಡದೆ ಚಹಾ ಕುಡಿದು ಬಂದೆ. ಈ ಲೇಖನವನ್ನು ಆ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರವೆಂದು ತಿಳಿಯಬಹುದು.

ಊರಲ್ಲಿ ಬೇರೆ ರಸ್ತೆಗಳಿಲ್ಲವೆ? ಎಷ್ಟೋ ಇವೆ. ನಿಮ್ಮಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಶಾಲೆಗೆ ಬರುವುದೇ ಹೊಲದ ದಾರಿಯಲ್ಲಿ. ಎತ್ತಿನ ಬಂಡಿಯ ಗಾಲಿಗಳು ಕೊರೆದ ಬಂಡಿಹಾದಿ, ಎರಡು ಹೊಲಗಳ ನಡುವಿನ ಓಣಿ, ಹಳ್ಳದ ದಂಡೆಯ ಕಾಲುದಾರಿ, ಇವೆಲ್ಲ ನಮಗೆ ದಾರಿಗಳೆಂದೇ ತೋರದಷ್ಟು ಬಳಕೆಯಾಗಿವೆ. ನಮ್ಮ ಮರಾಠಿ ನೆರೆಯವರು ಕಾಲುದಾರಿಗೆ ಪಾಯವಾಟ ಎನ್ನುತ್ತಾರೆ, ಹೊಲಗಳಿಗೆ ಹೋಗುವ ದಾರಿಗೆ ಪಾಣಂದ ಎನ್ನುತ್ತಾರೆ. ಎರಡು ಭಾಷೆಗಳಲ್ಲಿ ಇಷ್ಟು ಹೆಸರುಗಳಿರುವ ವಸ್ತುವನ್ನು ನಾವು ಬಡತನದ ಗುರುತೆಂದು ನೋಡುತ್ತೇವೆ. ಡಾಂಬರು ಬಂದರೆ ಸಾಕೆಂದು ಕಾಯುತ್ತೇವೆ. ಆದರೆ ಜಗತ್ತಿನಲ್ಲಿ ಇಂಥ ದಾರಿಯನ್ನೇ ಹುಡುಕಿಕೊಂಡು ಹೋಗಿ, ವಿಮಾನದ ಖರ್ಚು ಹಾಕಿ ಓಡುವವರಿದ್ದಾರೆ. ಆ ಕ್ರೀಡೆಯ ಹೆಸರು ಟ್ರೇಲ್ ರನ್ನಿಂಗ್. ಟ್ರೇಲ್ ಎಂದರೆ ಜಾಡು, ಅಂದರೆ ಹೆಜ್ಜೆಗಳು ಬಿದ್ದು ಬಿದ್ದು ತಾನಾಗಿ ಮೂಡಿದ ದಾರಿ. ಕನ್ನಡದಲ್ಲಿ ನಾವು ಕಾಲುದಾರಿಯ ಓಟ ಎನ್ನೋಣ.

ಇದರ ಲಕ್ಷಣವನ್ನು ವ್ಯಾಕರಣದ ಸೂತ್ರದಂತೆ ಹೇಳುವುದಾದರೆ ಹೀಗೆ: ಬೆಟ್ಟ, ಕಾಡು, ಬಯಲು, ಮರುಭೂಮಿ ಮೊದಲಾದ ನಿಸರ್ಗದ ನೆಲದ ಮೇಲೆ, ಗುರುತು ಮಾಡಿದ ದಾರಿಯಲ್ಲಿ, ಕಾಲ್ನಡೆಯಿಂದ ಸಾಗುವ ಸ್ಪರ್ಧೆ. ಡಾಂಬರು ಅಥವಾ ಕಾಂಕ್ರೀಟಿನ ಭಾಗವು ಒಟ್ಟು ದಾರಿಯ ಐದನೆಯ ಒಂದು ಪಾಲನ್ನು ಮೀರಬಾರದೆಂದು ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಘವು ಹೇಳುತ್ತದೆ. ಈ ಸಂಘವು 2013ರಲ್ಲಿ ಸ್ಥಾಪನೆಯಾಯಿತು. 2015ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು ಕಾಲುದಾರಿಯ ಓಟವನ್ನು ಅಥ್ಲೆಟಿಕ್ಸಿನ ಒಂದು ಪ್ರಕಾರವೆಂದು ಒಪ್ಪಿಕೊಂಡಿತು. ಬೆಟ್ಟದ ಓಟ ಮತ್ತು ಕಾಲುದಾರಿಯ ಓಟ ಇವೆರಡರ ಕೂಡು ವಿಶ್ವ ಚಾಂಪಿಯನ್‌ಶಿಪ್ ಮೊದಲ ಸಲ 2022ರ ನವೆಂಬರಿನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಡೆಯಿತು.

ಲಕ್ಷಣದಲ್ಲಿ 'ಓಡುವ' ಎನ್ನದೆ 'ಸಾಗುವ' ಎಂದು ಬರೆದದ್ದನ್ನು ಗಮನಿಸಿರಿ. ಇಲ್ಲಿ ಓಡಿದರೂ ಸರಿ, ನಡೆದರೂ ಸರಿ. ಕಡಿದಾದ ಏರಿನಲ್ಲಿ ಜಗತ್ತಿನ ಮೇಲುಮಟ್ಟದ ಓಟಗಾರರೂ ತೊಡೆಯ ಮೇಲೆ ಕೈಯೂರಿ ನಡೆಯುತ್ತಾರೆ. ಅದಕ್ಕೆ ನಾಚಿಕೆಪಡುವುದಿಲ್ಲ.

ದೂರವನ್ನು ಎಣಿಸುವ ಕ್ರಮವೂ ಬೇರೆ. ಟ್ರ್ಯಾಕಿನ ಮೇಲೆ 10 ಕಿಲೋಮೀಟರ್ ಎಂದರೆ ಎಲ್ಲಿದ್ದರೂ 10 ಕಿಲೋಮೀಟರೇ. ಬೆಟ್ಟದ ದಾರಿಯಲ್ಲಿ ಹಾಗಲ್ಲ. ಒಟ್ಟು ಏರಿದ ಎತ್ತರದಲ್ಲಿ ಪ್ರತಿ 100 ಮೀಟರಿಗೆ ಒಂದು ಕಿಲೋಮೀಟರಿನಂತೆ ಕೂಡಿಸಬೇಕೆಂಬ ಲೆಕ್ಕವಿದೆ. 10 ಕಿಲೋಮೀಟರ್ ದಾರಿಯಲ್ಲಿ 300 ಮೀಟರ್ ಏರಿದರೆ ಅದನ್ನು ಶ್ರಮದ ದೃಷ್ಟಿಯಿಂದ 13 ಎಂದು ಗಣಿಸುತ್ತಾರೆ. ಯುರೋಪಿನ ಮಾಂ ಬ್ಲಾಂ ಎಂಬ ಹಿಮಪರ್ವತವನ್ನು ಸುತ್ತಿ ಬರುವ ಪ್ರಖ್ಯಾತ ಸ್ಪರ್ಧೆಯೊಂದು 2003ರಲ್ಲಿ ಆರಂಭವಾಯಿತು. ಫ್ರಾನ್ಸಿನಲ್ಲಿ ಹೊರಟು, ಇಟಲಿ ಮತ್ತು ಸ್ವಿಟ್ಜರ್‌ಲೆಂಡ್ ದಾಟಿ, ಮತ್ತೆ ಫ್ರಾನ್ಸಿಗೇ ಬರಬೇಕು. ದೂರ ಸುಮಾರು 170 ಕಿಲೋಮೀಟರ್, ಏರು ಸುಮಾರು 10,000 ಮೀಟರ್. ಮೇಲಿನ ಲೆಕ್ಕದಂತೆ ಅದು ಎಷ್ಟಾಯಿತೆಂದು ನೀವೇ ಕೂಡಿಸಿ ನೋಡಿರಿ. ಗಣಿತದ ಸರ್ ಸಂತೋಷಪಟ್ಟಾರು.

ಇದೇನು ಹೊಸ ಸಂಗತಿಯೆ, ಎಂದು ಯಾರಾದರೂ ಕೇಳಬಹುದು. ಸ್ಪರ್ಧೆ ಹೊಸದು, ಓಟ ಹಳೆಯದು. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದಾಗ ಓಲೆಯ ಚೀಲ ಹೊತ್ತು ಊರಿಂದೂರಿಗೆ ಮುಟ್ಟಿಸಿದ್ದು ಓಟಗಾರರ ಕಾಲುಗಳೇ. ನಿಜಾಮರ ಕಾಲದಲ್ಲಿ ನಮ್ಮ ಊರ ತಳವಾರನು ಮುಂಜಾನೆ ಹೊರಟು ನಾಲ್ಕು ಹಳ್ಳಿಗೆ ಸುದ್ದಿ ಮುಟ್ಟಿಸಿ ಮಧ್ಯಾಹ್ನದ ರೊಟ್ಟಿಗೆ ಮನೆಗೆ ಬರುತ್ತಿದ್ದನೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಅವನ ವೇಗವನ್ನು ಯಾರೂ ಅಳೆಯಲಿಲ್ಲ. ಇನ್ನು ಕೋಜಾಗಿರಿ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ಸೋಲಾಪುರದ ಕಡೆಯಿಂದಲೂ ಕರ್ನಾಟಕದ ಕಡೆಯಿಂದಲೂ ನಡೆದು ಬರುವ ಜನಸಾಗರವನ್ನು ನೀವು ಕಂಡಿದ್ದೀರಿ. ಹೊರಡುವ ಮುಂಚೆ ಪಾದಕ್ಕೆ ಎಣ್ಣೆ ಸವರಿಕೊಳ್ಳುವುದು, ದಾಹವಾಗುವ ಮೊದಲೇ ನೀರು ಕುಡಿಯುವುದು, ಸೆರಗಿನಲ್ಲಿ ಶೇಂಗಾ ಬೆಲ್ಲ ಕಟ್ಟಿಕೊಳ್ಳುವುದು, ಇವನ್ನು ನಮ್ಮ ಮನೆಯ ಮುದುಕಿಯರು ಯಾವ ತರಬೇತಿಯೂ ಇಲ್ಲದೆ ಮಾಡುತ್ತಾರೆ. ದೂರದ ಓಟಗಾರರಿಗೆ ಇಂದು ತರಬೇತುದಾರರು ಹೇಳಿಕೊಡುವುದೂ ಹೆಚ್ಚು ಕಡಿಮೆ ಇದನ್ನೇ.

ಸ್ಪರ್ಧೆಯ ರೂಪ ಬಂದ ಕಥೆಗಳಲ್ಲಿ ಒಂದು ಬಹಳ ಸ್ವಾರಸ್ಯವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪರ್ವತದ ಹಾದಿಯಲ್ಲಿ 100 ಮೈಲಿಯನ್ನು ಒಂದು ದಿನದೊಳಗೆ ದಾಟುವ ಕುದುರೆ ಸವಾರಿಯ ಪಂದ್ಯವಿದೆ. ಗೋರ್ಡಿ ಏನ್ಸ್‌ಲೀ ಎಂಬ ಸವಾರನ ಕುದುರೆ ಒಮ್ಮೆ ದಾರಿಯಲ್ಲಿ ಕುಂಟಿತು. ಮರುವರ್ಷ, ಅಂದರೆ 1974ರಲ್ಲಿ, ಅವನು ಕುದುರೆಯಿಲ್ಲದೆಯೇ ಕುದುರೆಗಳ ಜೊತೆಗೆ ನಿಂತು ಓಡಲು ತೊಡಗಿದ. 23 ಗಂಟೆ 42 ನಿಮಿಷಗಳಲ್ಲಿ ಗುರಿ ಮುಟ್ಟಿದ. ಕುದುರೆ ಕುಂಟಿದ್ದರಿಂದ ಒಂದು ಕ್ರೀಡೆಗೆ ಕಾಲು ಬಂದಿತೆನ್ನಬಹುದು.

ನಮ್ಮ ದೇಶದಲ್ಲಿಯೂ ಈಗ ಇಂಥ ಓಟಗಳು ನಡೆಯುತ್ತಿವೆ. ಶ್ರೀರಂಗಪಟ್ಟಣದಲ್ಲಿ ರಂಗನತಿಟ್ಟಿನ ಸಮೀಪ, ಕಾಲುವೆಯ ಏರಿಯ ಮಣ್ಣುದಾರಿಯಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ 2016ರಿಂದ ಮಲ್ನಾಡ್ ಅಲ್ಟ್ರಾ ನಡೆದುಬಂದಿದೆ. ಪುಣೆಯ ಬಳಿ ಸಿಂಹಗಡ, ರಾಜಗಡ, ತೋರಣಾ ಎಂಬ ಮೂರು ಕೋಟೆಗಳನ್ನು ಜೋಡಿಸಿ ಓಡುವವರಿದ್ದಾರೆ. ಇವುಗಳಿಗೆ ಬರುವವರಲ್ಲಿ ಹೆಚ್ಚಿನವರು ಪಟ್ಟಣದ ನೌಕರಿಯವರು. ಪ್ರವೇಶ ಶುಲ್ಕ, ಬೂಟು, ಪ್ರಯಾಣ ಇವುಗಳ ಖರ್ಚನ್ನು ನೋಡಿದರೆ ನಮ್ಮ ಮಕ್ಕಳಿಗೆ ಸದ್ಯಕ್ಕೆ ನಿಲುಕುವಂಥವಲ್ಲ. ಅದನ್ನು ಮರೆಮಾಚಿ ನಿಮ್ಮಲ್ಲಿ ಆಸೆ ಹುಟ್ಟಿಸುವುದು ನನಗೆ ಸರಿಯೆನಿಸುವುದಿಲ್ಲ. ಆದರೆ ದಾರಿಗೆ ಶುಲ್ಕವಿಲ್ಲ.

ಆ ಶುಲ್ಕವಿಲ್ಲದ ದಾರಿಯಿಂದಲೇ ಬಂದವನೊಬ್ಬ ನಮ್ಮ ಮರಾಠವಾಡದಲ್ಲಿಯೇ ಇದ್ದಾನೆ. ಬೀಡ ಜಿಲ್ಲೆಯ ಆಷ್ಟಿ ತಾಲೂಕಿನ ಮಾಂಡವಾ ಗ್ರಾಮದ ಅವಿನಾಶ ಸಾಬಳೆ, ಹುಟ್ಟಿದ್ದು 1994ರಲ್ಲಿ. ತಂದೆ ತಾಯಿ ಬೇಸಾಯದವರು. ಊರಿಗೆ ವಾಹನ ಸೌಕರ್ಯವಿಲ್ಲದ್ದರಿಂದ ಬಾಲಕನು ಆರು ಕಿಲೋಮೀಟರ್ ದೂರದ ಶಾಲೆಗೆ ನಡೆದೋ ಓಡಿಯೋ ಹೋಗಬೇಕಾಗಿತ್ತು. ಹನ್ನೆರಡನೆಯದು ಮುಗಿಸಿ ಸೈನ್ಯದ ಮಹಾರ್ ರೆಜಿಮೆಂಟನ್ನು ಸೇರಿದ. ಸಿಯಾಚಿನ್‌ನ ಹಿಮದಲ್ಲಿಯೂ ರಾಜಸ್ಥಾನದ ಮರಳಿನಲ್ಲಿಯೂ ಸೇವೆ ಮಾಡಿದ. 2015ರಲ್ಲಿ ಸೈನ್ಯದಲ್ಲಿ ಮೊದಲು ಹಿಡಿದದ್ದು ಕ್ರಾಸ್ ಕಂಟ್ರಿ ಓಟವನ್ನು. ಹುಲ್ಲು, ಮಣ್ಣು, ಏರುಪೇರು ನೆಲದ ಮೇಲಿನ ಈ ಓಟವು ಕಾಲುದಾರಿಯ ಓಟಕ್ಕೆ ಒಡಹುಟ್ಟು. ಅಲ್ಲಿಂದ ಅವನು 3000 ಮೀಟರ್ ಸ್ಟೀಪಲ್‌ಚೇಸಿಗೆ ಹೊರಳಿದ. ಅದರಲ್ಲಿ 28 ಸಲ ಅಡ್ಡಗಟ್ಟೆಯನ್ನೂ 7 ಸಲ ನೀರಿನ ಗುಂಡಿಯನ್ನೂ ಹಾರಬೇಕು. ನಾವು ಬದು ಹಾರಿ ಹಳ್ಳ ದಾಟುವುದಿಲ್ಲವೆ, ಹಾಗೆಯೇ. ಗಡಿಯಾರ ಹಿಡಿದು ಮಾಡಿಸುತ್ತಾರೆ, ಅಷ್ಟೆ ವ್ಯತ್ಯಾಸ.

ಗೋಪಾಲ ಸೈನಿ ಎಂಬ ಓಟಗಾರನು 1981ರಲ್ಲಿ ಮಾಡಿದ್ದ ರಾಷ್ಟ್ರೀಯ ದಾಖಲೆಯು 37 ವರ್ಷ ಹಾಗೆಯೇ ನಿಂತಿತ್ತು. 2018ರಲ್ಲಿ ಭುವನೇಶ್ವರದಲ್ಲಿ ಸಾಬಳೆ ಅದನ್ನು ಮುರಿದ. ಅನಂತರ ತನ್ನ ದಾಖಲೆಯನ್ನು ತಾನೇ ಮತ್ತೆ ಮತ್ತೆ ಮುರಿಯುತ್ತ ಹೋದ. 2022ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕ. ಚಿನ್ನ ತಪ್ಪಿದ್ದು ಒಂದು ಸೆಕೆಂಡಿನ ನೂರರಲ್ಲಿ ಐದು ಭಾಗದಿಂದ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ. 2024ರ ಜುಲೈಯಲ್ಲಿ ಪ್ಯಾರಿಸಿನಲ್ಲಿ 8 ನಿಮಿಷ 9.91 ಸೆಕೆಂಡು. ಅದೇ ವರ್ಷ ಒಲಿಂಪಿಕ್ಸಿನಲ್ಲಿ ಈ ಸ್ಪರ್ಧೆಯ ಅಂತಿಮ ಸುತ್ತನ್ನು ಮುಟ್ಟಿದ ಮೊದಲ ಭಾರತೀಯ ಪುರುಷನಾದ. ಶಾಲೆಗೆ ನಡೆದ ಮಕ್ಕಳೆಲ್ಲ ಸಾಬಳೆಯಾಗುವುದಿಲ್ಲವೆಂಬುದು ನನಗೂ ಗೊತ್ತು. ಆದರೆ ಮಳೆಗಾಲದಲ್ಲಿ ಕೆಸರು ಮೆತ್ತಿದ ಕಾಲಿನಿಂದ ತರಗತಿಯ ಬಾಗಿಲಲ್ಲಿ ನಾಚಿ ನಿಲ್ಲುವ ಮಗು ನಾಚಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಈಗ ಓಡುವ ಬಗೆಯನ್ನು ನೋಡೋಣ. ಹೆದ್ದಾರಿಯ ಹುಡುಗರಿಗೆ ನಾನು ಹೊಲದ ದಾರಿಯ ಮಾತೆತ್ತಿದಾಗ ಅವರು, "ಡಾಂಬರಿ ಮ್ಯಾಲ ಓಡಿದ್ರ ಟೈಮ್ ಬರ್ತದರೀ ಸರ್. ಹೊಲದಾಗ ಎಲ್ಲಿ ಬರ್ತದ?" ಎಂದು ಕೇಳಿದರು. ಮಾತು ನಿಜ. ಮಣ್ಣಿನ ದಾರಿಯಲ್ಲಿ ಮೊದಲ ಎರಡು ವಾರ ಸಮಯ ಹಿಂದೆ ಬೀಳುತ್ತದೆ. ಆದರೆ ಡಾಂಬರಿನ ಮೇಲೆ ಪ್ರತಿ ಹೆಜ್ಜೆಯೂ ಒಂದೇ ರೀತಿಯಾಗಿ ಬೀಳುವುದರಿಂದ ಪೆಟ್ಟು ಕಾಲಿನ ಅದೇ ಅದೇ ಜಾಗಕ್ಕೆ ತಾಗುತ್ತದೆ. ಏರುಪೇರಿನ ನೆಲದಲ್ಲಿ ಎರಡು ಹೆಜ್ಜೆ ಒಂದೇ ಬಗೆಯಾಗಿರುವುದಿಲ್ಲ. ಹರಡಿನ ಸುತ್ತಲಿನ ಸಣ್ಣ ಸ್ನಾಯುಗಳು, ಮೀನಖಂಡ, ತೊಡೆ, ಸೊಂಟ ಎಲ್ಲವೂ ಕೆಲಸ ಮಾಡಬೇಕಾಗುತ್ತದೆ. ಆದುದರಿಂದ ವಾರದಲ್ಲಿ ನಾಲ್ಕು ದಿನ ಕಾಲುದಾರಿ, ಒಂದು ದಿನ ಸಮತಟ್ಟಾದ ಮೈದಾನದಲ್ಲಿ ಗಡಿಯಾರ ಹಿಡಿದು ಓಟ, ಎರಡು ದಿನ ವಿಶ್ರಾಂತಿ. ಭರ್ತಿಯ ಓಟವೂ ಹೆದ್ದಾರಿಯಲ್ಲಿ ನಡೆಯುವುದಿಲ್ಲವೆಂಬುದನ್ನು ನೆನಪಿಡತಕ್ಕದ್ದು.

ಕಾಲುದಾರಿಯಲ್ಲಿ ಹೆಜ್ಜೆ ಗಿಡ್ಡವಾಗಿರಬೇಕು. ಉದ್ದ ಹೆಜ್ಜೆ ಹಾಕಿದರೆ ಕಾಲು ದೇಹಕ್ಕಿಂತ ಬಹಳ ಮುಂದೆ ಬೀಳುತ್ತದೆ; ಅಲ್ಲಿ ಕಲ್ಲು ಸಿಕ್ಕರೆ ಹೆಜ್ಜೆ ಬದಲಿಸಲು ಅವಕಾಶವಿರುವುದಿಲ್ಲ. ಕಣ್ಣು ಕಾಲಿನ ಬುಡದಲ್ಲಿರಬಾರದು, ದಿಗಂತದಲ್ಲಿಯೂ ಇರಬಾರದು. ಮೂರು ನಾಲ್ಕು ಹೆಜ್ಜೆ ಮುಂದಿನ ನೆಲವನ್ನು ನೋಡುತ್ತಿರಬೇಕು. ತಲೆಯ ಮೇಲೆ ಕೊಡ ಹೊತ್ತು ಬದುವಿನ ಮೇಲೆ ಬರುವ ಹೆಂಗಸಿನ ನೋಟವನ್ನು ಗಮನಿಸಿದರೆ ಈ ವಿದ್ಯೆ ಬೇಗ ತಿಳಿಯುತ್ತದೆ. ಇಳಿಜಾರಿನಲ್ಲಿ ಹೆದರಿ ಹಿಂದಕ್ಕೆ ವಾಲುವುದು ಎಲ್ಲರ ಸ್ವಭಾವ. ವಾಲಿದರೆ ಹಿಮ್ಮಡಿ ಜಾರುತ್ತದೆ. ಮೈಯನ್ನು ಇಳಿಜಾರಿನ ಕಡೆಗೇ ತುಸು ಬಾಗಿಸಿ, ಮೊಣಕಾಲು ಸಡಿಲ ಬಿಟ್ಟು, ಕೈಗಳನ್ನು ಅಗಲಿಸಿ ಇಳಿಯಬೇಕು. ಇಳಿದ ಮರುದಿನ ತೊಡೆ ಹಿಡಿದುಕೊಳ್ಳುತ್ತದೆ. ಏರಿದ್ದಕ್ಕಿಂತ ಇಳಿದದ್ದೇ ಹೆಚ್ಚು ನೋಯುವುದನ್ನು ಕಂಡು ಮಕ್ಕಳು ಆಶ್ಚರ್ಯಪಡುತ್ತಾರೆ. ಏರುವಾಗ ಸ್ನಾಯು ಕುಗ್ಗಿ ದುಡಿಯುತ್ತದೆ, ಇಳಿಯುವಾಗ ಹಿಗ್ಗುತ್ತ ಹಿಗ್ಗುತ್ತಲೇ ಭಾರವನ್ನು ತಡೆಯುತ್ತದೆ. ಈ ಎರಡನೆಯ ಕೆಲಸವೇ ಸ್ನಾಯುವಿಗೆ ಹೆಚ್ಚು ಪೆಟ್ಟು.

ವೇಗವೆಷ್ಟಿರಬೇಕು? ಪಕ್ಕದಲ್ಲಿ ಓಡುವ ಗೆಳೆಯನೊಡನೆ ಒಂದು ಪೂರ್ಣ ವಾಕ್ಯವನ್ನು, ಕರ್ತೃ ಕರ್ಮ ಕ್ರಿಯಾಪದ ಸಹಿತ, ಏದುಸಿರಿಲ್ಲದೆ ಹೇಳಲು ಬರುವಷ್ಟು. ಕ್ರಿಯಾಪದ ಬಾರದೆ ಹೋದರೆ ನಿಧಾನಿಸಿರಿ. ನಿಮ್ಮ ವಯಸ್ಸಿಗೆ ಮೂರರಿಂದ ಐದು ಕಿಲೋಮೀಟರ್ ಸಾಕು. ನೂರು ಕಿಲೋಮೀಟರಿನ ಸ್ಪರ್ಧೆಗಳು ಬೆಳೆದ ದೇಹಕ್ಕೆ ಮಾತ್ರ ತಕ್ಕವು.

ನಮ್ಮ ನೆಲದ ಗುಣವನ್ನು ಪುಸ್ತಕಗಳು ಹೇಳುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಮ್ಮದು ಎರೆಭೂಮಿ. ಮಳೆ ಬಿದ್ದ ದಿನ ಎರೆಮಣ್ಣು ಬೂಟಿಗೆ ಮೆತ್ತಿ ಹತ್ತು ಹೆಜ್ಜೆಯೊಳಗೆ ಒಂದೊಂದು ಕಾಲಿಗೂ ಒಂದೊಂದು ಇಟ್ಟಿಗೆ ಕಟ್ಟಿದಂತಾಗುತ್ತದೆ. ಆ ದಿನ ಓಡದಿರುವುದೇ ಲೇಸು. ಓಡಲೇಬೇಕೆಂದರೆ ಮೊರಂ ಹಾಕಿದ ದಾರಿಯನ್ನು ಹಿಡಿಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ನೆಲ ಬಿರಿಯುತ್ತದೆ. ಪಾದವೇ ಇಳಿದುಹೋಗುವಷ್ಟು ಅಗಲದ ಬಿರುಕುಗಳು ಹುಲ್ಲಿನ ಕೆಳಗೆ ಅಡಗಿರುತ್ತವೆ. ಆಗ ಹೊಲದ ನಡುವೆ ಇಳಿಯದೆ, ತುಳಿದು ಗಟ್ಟಿಯಾದ ಜಾಡಿನಲ್ಲಿಯೇ ಇರಬೇಕು. ಇವೆರಡಕ್ಕಿಂತ ಕೆಟ್ಟದ್ದು ತೊಗರಿಯ ಕೂಳೆ. ತೊಗರಿ ಕೊಯ್ದ ಮೇಲೆ ಓರೆಯಾಗಿ ಕತ್ತರಿಸಿದ ಬುಡಗಳು ಮೊಳೆಗಳಂತೆ ನಿಂತಿರುತ್ತವೆ. ಅಗ್ಗದ ಬೂಟಿನ ಅಡಿಯನ್ನು ಸಲೀಸಾಗಿ ತೂರುತ್ತವೆ. ಡಿಸೆಂಬರಿನಿಂದ ಮುಂದೆ, ಅಡ್ಡಹಾದಿ ಹತ್ತಿರವೆಂದು ತೊಗರಿಯ ಹೊಲಕ್ಕೆ ನುಗ್ಗಬೇಡಿರಿ. ಬರಿಗಾಲಿನಲ್ಲಿ ಓಡುವವರಿಗೆ ನೆಗ್ಗಿಲಮುಳ್ಳು, ಜಾಲಿಮುಳ್ಳು ಇವುಗಳ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ.

ಏರು ಬೇಕೆನ್ನುವವರು ಸ್ವಲ್ಪ ದೂರ ಹೋಗಬೇಕು. ಔಸಾ ತಾಲೂಕಿನಲ್ಲಿ ಖರೋಸಾದ ಗುಹೆಗಳ ಗುಡ್ಡವಿದೆ; ಉದಗೀರ ತಾಲೂಕಿನ ದೇವರ್ಜನದ ಬಳಿ ಹತ್ತಿಬೇಟ್ ಇದೆ. ಈ ಬೇಟ್ ಎಂಬುದು ಮರಾಠಿಯ ದ್ವೀಪವಾಚಕವೋ ನಮ್ಮ ಬೆಟ್ಟವೋ ಎಂದು ನನಗೆ ಬಹುದಿನದ ಅನುಮಾನ. ಓಟಕ್ಕೆ ಸಂಬಂಧವಿಲ್ಲ, ಬಿಡೋಣ.

ದಾರಿಯ ಶಿಷ್ಟಾಚಾರವೂ ಕ್ರೀಡೆಯ ಒಂದು ಅಂಗವೇ. ದಾರಿ ಹೊಲದ ಮೂಲಕ ಹೋಗುತ್ತಿದ್ದರೆ ಹೊಲದವನನ್ನು ಮೊದಲು ಕೇಳಬೇಕು. ಬಿತ್ತಿದ ಸಾಲನ್ನು ತುಳಿಯಬಾರದು. ಸರಿಸಿದ ಬೇಲಿಯ ಮುಳ್ಳುಕಂಟಿಯನ್ನು ಮತ್ತೆ ಮುಚ್ಚಿ ಹೋಗಬೇಕು. ಎತ್ತು, ಎಮ್ಮೆ ಎದುರಾದರೆ ನಿಂತು ದಾರಿ ಬಿಡಬೇಕು. ದೊಡ್ಡ ಸ್ಪರ್ಧೆಗಳಲ್ಲಿ ದಾರಿಯ ಮೇಲೆ ಕಸ ಎಸೆದವನಿಗೆ ದಂಡನೆಯುಂಟು. ಬಿದ್ದವನನ್ನು ಕಂಡೂ ನೆರವಾಗದೆ ಮುಂದೆ ಓಡುವುದು ನಿಯಮಕ್ಕೆ ವಿರುದ್ಧ. ಓಟಗಾರನ ಬಳಿ ನೀರು, ತಿನಿಸು, ಸೀಟಿ, ಬ್ಯಾಟರಿ, ಮಳೆ ಅಂಗಿ ಇರಲೇಬೇಕೆಂದು ಅನೇಕ ಕಡೆ ಹೊರಡುವ ಮೊದಲು ಚೀಲ ಬಿಚ್ಚಿಸಿ ನೋಡುತ್ತಾರೆ.

ಈ ಕಟ್ಟುನಿಟ್ಟು ಏಕೆಂದು ಕೇಳುವವರು ಚೀನಾ ದೇಶದ ಒಂದು ಘಟನೆಯನ್ನು ತಿಳಿಯಬೇಕು. 2021ರ ಮೇ 22ರಂದು ಅಲ್ಲಿನ ಗಾನ್ಸು ಪ್ರಾಂತದಲ್ಲಿ, ಹಳದಿ ನದಿಯ ಬಳಿಯ ಕಲ್ಲುಗುಡ್ಡಗಳಲ್ಲಿ, 100 ಕಿಲೋಮೀಟರಿನ ಕಾಲುದಾರಿ ಓಟ ನಡೆಯಿತು. 172 ಮಂದಿ ಹೊರಟರು. ಬಹಳ ಜನ ಚಡ್ಡಿ, ತೆಳು ಅಂಗಿಯಲ್ಲಿದ್ದರು. ಬೆಚ್ಚನೆಯ ಅಂಗಿ ಕಡ್ಡಾಯವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎತ್ತರದ ಜಾಗದಲ್ಲಿ ಬಿರುಗಾಳಿ, ಆಲಿಕಲ್ಲು, ಮಂಜಿನಂಥ ಮಳೆ ಒಮ್ಮೆಲೆ ಬಂದವು. 21 ಓಟಗಾರರು ಚಳಿಯಿಂದ ಸತ್ತರು. ಸತ್ತವರಲ್ಲಿ ಆ ದೇಶದ ಅತ್ಯುತ್ತಮ ದೂರ ಓಟಗಾರನೆನಿಸಿದ ಲಿಯಾಂಗ್ ಜಿಂಗ್ ಸಹ ಒಬ್ಬ. ಆ ದಿನ ಅದೇ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದವನೊಬ್ಬ ಮಳೆಗೆ ಗವಿಯಲ್ಲಿ ಕುಳಿತಿದ್ದ. ಹೊರಗೆ ನಡುಗುತ್ತ ನಿಂತಿದ್ದ ಓಟಗಾರರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆತಂದು, ಬೆಂಕಿ ಹೊತ್ತಿಸಿ, ಆರು ಜನರ ಜೀವ ಉಳಿಸಿದ. ಅವನ ಬಳಿ ಗವಿಯಲ್ಲಿ ಬಟ್ಟೆ, ಹೊದಿಕೆ ಮೊದಲೇ ಇದ್ದವು. ನಮ್ಮ ಕುರುಬರೂ ಎಂಥ ಬಿಸಿಲಿದ್ದರೂ ಹೆಗಲ ಮೇಲಿನ ಕಂಬಳಿಯನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ.

ನಮ್ಮಲ್ಲಿ ಆ ಚಳಿಯಿಲ್ಲ. ಆದರೆ ಬಿಸಿಲಿದೆ, ಸಿಡಿಲಿದೆ. ಮೇ ತಿಂಗಳಲ್ಲಿ ಪಾರಾ 40 ದಾಟುತ್ತದೆ, ಆದ್ದರಿಂದ ಏಳು ಗಂಟೆಗೆ ಓಟ ಮುಗಿದಿರಬೇಕು. ಮುಂಗಾರಿನ ಮುಂಚಿನ ಸಂಜೆಗಳಲ್ಲಿ ಮರಾಠವಾಡದ ಹೊಲಗಳಲ್ಲಿ ಸಿಡಿಲಿಗೆ ಸಾಯುವವರ ಸುದ್ದಿಯನ್ನು ಪ್ರತಿ ವರ್ಷ ಓದುತ್ತೇವೆ. ಮೊದಲ ಗುಡುಗು ಕೇಳಿದೊಡನೆ ಓಟ ನಿಲ್ಲಿಸಿ ಕಟ್ಟಡದೊಳಗೆ ಸೇರಬೇಕು; ಒಂಟಿಮರದ ಕೆಳಗೆ ನಿಲ್ಲಬಾರದು. ಮುಂಬೆಳಗಿನ ಕತ್ತಲೆಯಲ್ಲಿ ಬ್ಯಾಟರಿ ಇರಲಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿಸಿಕೊಂಡವನನ್ನು ಓಡಿಸದೆ, ಅಲುಗಾಡಿಸದೆ, 108ಕ್ಕೆ ಫೋನು ಮಾಡಿ ಸರಕಾರಿ ದವಾಖಾನೆಗೆ ಒಯ್ಯಬೇಕು. ಕಟ್ಟೆಯಿಲ್ಲದ ಹಳೆಯ ಬಾವಿಗಳು ಎಲ್ಲೆಲ್ಲಿವೆಯೆಂದು ಹಗಲಲ್ಲಿಯೇ ನೋಡಿಟ್ಟುಕೊಳ್ಳಿರಿ.

ಹುಡುಗಿಯರ ವಿಷಯವನ್ನು ಕೊನೆಗೆ ಇಟ್ಟದ್ದು ಅದು ಚಿಕ್ಕ ವಿಷಯವೆಂದಲ್ಲ; ನನಗೆ ಇಂದಿಗೂ ಪೂರ್ತಿ ಉತ್ತರ ಹೊಳೆಯದ ವಿಷಯವೆಂದು. ಹೆದ್ದಾರಿಯಲ್ಲಿ ಓಡಲು ಮನೆಯವರು ಬಿಡುವುದಿಲ್ಲ. ಹೊಲದ ದಾರಿ ನಿರ್ಜನವೆಂದು ಅಲ್ಲಿಗೂ ಬಿಡುವುದಿಲ್ಲ. ಎರಡೂ ಭಯಗಳು ಸುಳ್ಳಲ್ಲ. 800 ಮೀಟರಿನ ಓಟ ಮಾತ್ರ ಅವರಿಗೂ ತಪ್ಪುವುದಿಲ್ಲ. ನೇಪಾಳದ ಮೀರಾ ರಾಯ್ ಎಂಬವಳು ಬೆಟ್ಟದ ಹಳ್ಳಿಯ ಬಡ ಹುಡುಗಿ, ಚಿಕ್ಕಂದಿನಲ್ಲಿ ಅಕ್ಕಿಯ ಮೂಟೆ ಹೊತ್ತು ಬೆಟ್ಟ ಹತ್ತಿಳಿದವಳು. 2014ರಲ್ಲಿ ಕಾಠ್ಮಂಡುವಿನ ಬೆಟ್ಟದಲ್ಲಿ ಓಡುತ್ತಿದ್ದಾಗ ಕೆಲವು ಓಟಗಾರರ ಪರಿಚಯವಾಗಿ, ಅವರು ಕರೆದರೆಂದು ಹೋದಳು. ಹೋದಲ್ಲಿ ಇದ್ದದ್ದು 50 ಕಿಲೋಮೀಟರಿನ ಸ್ಪರ್ಧೆ. ಸಲಕರಣೆಯಿಲ್ಲ, ಬುತ್ತಿಯಿಲ್ಲ. ಮಳೆ ಆಲಿಕಲ್ಲುಗಳ ನಡುವೆ ಓಡಿ ಮಹಿಳೆಯರಲ್ಲಿ ಗೆದ್ದಳು. ಆ ದಿನ ಓಡಿದ ಮಹಿಳೆ ಅವಳೊಬ್ಬಳೇ. ಮರುವರ್ಷವೇ ಫ್ರಾನ್ಸಿನಲ್ಲಿ ಮಾಂ ಬ್ಲಾಂ ಬೆಟ್ಟಗಳ 80 ಕಿಲೋಮೀಟರ್ ಓಟವನ್ನು ಗೆದ್ದಳು. ಅನಂತರ ತನ್ನ ದೇಶದ ಹಳ್ಳಿ ಹುಡುಗಿಯರಿಗೆ ಈ ಓಟವನ್ನು ಕಲಿಸಲು ತೊಡಗಿದಳು.

ಕಳೆದ ವರ್ಷ ದೀಪಾವಳಿಯ ರಜೆಯಲ್ಲಿ ನಾವೊಂದು ಪ್ರಯತ್ನ ಮಾಡಿದೆವು. ಶಾಲೆಯ ಹಿಂಬದಿಯ ಪಾಣಂದವನ್ನು ಇಯತ್ತೆ 9ನೇ ಮಕ್ಕಳು 30 ಮೀಟರಿನ ಟೇಪು ಹಿಡಿದು ಅಳೆದರು. ಐವತ್ತಮೂರು ಸಲ ಟೇಪು ಚಾಚಿ, ಮೇಲೆ ಹತ್ತು ಮೀಟರ್ ಸೇರಿಸಿದಾಗ 1600 ಆಯಿತು. ಸರಿಯಾಗಿ ಒಂದು ಬೇವಿನ ಮರದ ಬುಡ. ಟೇಪಿನ ಇನ್ನೊಂದು ತುದಿ ಹಿಡಿದವನು ಕೈ ಮುರಿದುಕೊಂಡಿದ್ದ ಆ ಹುಡುಗನೇ. ಈಗ ಪುಣೆಯ ಕಂಪನಿಯೊಂದರಲ್ಲಿ ದುಡಿಯುತ್ತಾನೆ, ಹಬ್ಬಕ್ಕೆ ಬಂದಿದ್ದ. 400, 800, 1200, 1600 ಎಂದು ನಾಲ್ಕು ಕಲ್ಲು ನಿಲ್ಲಿಸಿ ಸುಣ್ಣ ಬಳಿದೆವು. ಹೊಲದವರು ಬೇಡವೆನ್ನಲಿಲ್ಲ. ಕಳೆಗೆ ಹೋಗುವ ಹೆಣ್ಣುಮಕ್ಕಳು ಆ ದಾರಿಯಲ್ಲಿ ಓಡಾಡುವ ಹೊತ್ತಿಗೇ, ಅಂದರೆ ಏಳರಿಂದ ಎಂಟರವರೆಗೆ, ನಮ್ಮ ಹುಡುಗಿಯರು ನಾಲ್ಕು ನಾಲ್ಕು ಜನ ಜೊತೆಯಾಗಿ 800ರ ಕಲ್ಲಿನವರೆಗೆ ಓಡುತ್ತಾರೆ. ಹುಡುಗನ ಅವ್ವ ಒಂದು ದಿನ ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತು ನೋಡಿದಳು. ಏನೂ ಅನ್ನಲಿಲ್ಲ.

ಈ ವರ್ಷದ ಮಳೆಗೆ ಸುಣ್ಣ ಮಾಸಿದೆ. 1200ರ ಕಲ್ಲನ್ನು ಯಾರೋ ಒಲೆಗೆ ಒಯ್ದಿದ್ದಾರೆ. ಬರುವ ರವಿವಾರ ಬೆಳಿಗ್ಗೆ ಏಳು ಗಂಟೆಗೆ ಹೊಸ ಕಲ್ಲು ನಿಲ್ಲಿಸಲಿದ್ದೇವೆ. ಬರುವವರು ಮನೆಯಿಂದ ಹಳೆಯ ಕುಂಚವೊಂದನ್ನು ತರಬೇಕು. ಸುಣ್ಣದ ಡಬ್ಬಿ ನನ್ನ ಹತ್ತಿರ ಇದೆ.